ಮೊದಲನೇ ಹಗ್ಗ

೧೯೫೯ನೇ ಇಸವಿ ಮಾರ್ಚ್ ೧೦, ಮಂಗಳವಾರ. ಬೆಳಿಗ್ಗೆ ೯.೪೦ಕ್ಕೆ ಹೇಲ್‌ಸ್ಟನ್ ಪೊಲೀಸ್ ಠಾಣೆಗೆ ಫೋನಿನಲ್ಲಿ ಒಂದು ದೂರು ಬಂತು. ದೂರುದಾರರು ಕಾಲ್ಡಿಂಗ್ ಗ್ರಾಮದ ಪಾದ್ರಿ ಆಂಬ್ರೋಸ್ ಪೈಲ್. ಚರ್ಚಿನ ಘಂಟಾಗೋಪುರದ ಒಳಗೋಡೆಗೆ ಬಿಗಿದಿದ್ದ ಓಕ್ ಮರದ ಫಲಕವೊಂದು ಕಾಣೆಯಾಗಿದೆ. ಅಗಲ ಮೂರಡಿ, ಎತ್ತರ ಎರಡಡಿ, ಕಪ್ಪು ಬಣ್ಣದ ಮೇಲೆ ಚಿನ್ನದ ಅಕ್ಷರ. ಬಾಗಿಲು ಒಡೆದಿಲ್ಲ, ಬೇರೆ ಯಾವ ಸಾಮಾನೂ ಹೋಗಿಲ್ಲ.

ಪೇದೆ ಲೆಗಟ್ ಇಷ್ಟನ್ನೂ ದೂರಿನ ಪುಸ್ತಕದಲ್ಲಿ ಬರೆದುಕೊಂಡು ಗಟ್ಟಿಯಾಗಿ ಓದಿದ. ಇನ್‌ಸ್ಪೆಕ್ಟರ್ ಎಡ್ವಿನ್ ಗ್ಯಾರಡ್ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟ. ಅವನಿಗೆ ಮೊದಲು ಆದದ್ದು ಸಂತೋಷ. ಪೀಡೆ ತೊಲಗಿತು ಅಂದುಕೊಂಡ. ಮರುಗಳಿಗೆಯೇ ಆ ಸಂತೋಷದ ಬಗ್ಗೆ ನಾಚಿಕೆಯಾಗಿ, ಪೇದೆಗೆ ಮುಖ ಕಾಣದ ಹಾಗೆ ಕಿಟಕಿಯ ಕಡೆ ತಿರುಗಿದ.

"ಯಾವ ಫಲಕವಂತೆ?" ಎಂದು ಕೇಳಿದ, ಗೊತ್ತಿದ್ದೂ.

"ತೀರಿಹೋದ್ರಲ್ಲ ಸಾರ್, ಲಾರ್ಡ್ ಕಾಲ್ಡಿಂಗ್, ಅವರಿಗೆ ಸಂಬಂಧಪಟ್ಟಿದ್ದಂತೆ. ನಾಳೆ ಪತ್ರಿಕೆಯವರು ಬಂದು ಅದರ ಫೋಟೋ ತೆಗೀಬೇಕಿತ್ತಂತೆ. ಸಾಹೇಬರ ಜೀವನಚರಿತ್ರೆ ಶುಕ್ರವಾರದ ಸಂಚಿಕೇಲಿ ಪೂರ್ತಿ ಒಂದು ಪುಟ. ಪಾದ್ರಿಗಳು ಅಳೋದೊಂದು ಬಾಕಿ."

ಕಾರಿನಲ್ಲಿ ಹೋಗುವಾಗ ಗ್ಯಾರಡ್ ಆ ಫಲಕದ ವಿಷಯ ಹೇಳಿದ. ಲೆಗಟ್ ಇಪ್ಪತ್ನಾಲ್ಕರ ಹುಡುಗ, ಎಸೆಕ್ಸ್ ಕಡೆಯವನು, ಚರ್ಚಿನ ಘಂಟೆ ಬಾರಿಸುವವರ ಪದ್ಧತಿ ಅವನಿಗೇನೂ ತಿಳಿಯದು. ಕಾಲ್ಡಿಂಗ್ ಚರ್ಚಿನಲ್ಲಿ ಆರು ಘಂಟೆ, ಆರು ಹಗ್ಗ, ಹಗ್ಗಕ್ಕೊಬ್ಬ ಆಳು. ಘಂಟೆಗಳ ಕ್ರಮವನ್ನು ಪ್ರತಿ ಸಲವೂ ಬದಲಿಸುತ್ತಾ, ನಡುವೆ ನಿಲ್ಲಿಸದೆ, ಮೂರು ತಾಸು ಬಾರಿಸಿದರೆ ಅದು ಪೂರ್ಣಸುತ್ತು. ಪೂರ್ಣಸುತ್ತು ಮುಗಿಸಿದವರ ಹೆಸರನ್ನು ಫಲಕದ ಮೇಲೆ ಬರೆಸಿ ಗೋಪುರದಲ್ಲೇ ತೂಗುಹಾಕುತ್ತಾರೆ. ಹೆಸರಿರುವವನೇ ಹಗ್ಗ ಎಳೆದಿರಬೇಕು. ಒಬ್ಬನ ಬದಲು ಇನ್ನೊಬ್ಬ ಎಳೆದಿದ್ದರೆ ಅದು ಸುಳ್ಳು ಸುತ್ತು, ತಂಡದ ನಾಯಕನೇ ಎದ್ದುನಿಂತು ಅದನ್ನು ಹಿಂತೆಗೆದುಕೊಳ್ಳಬೇಕು. ಕಾನೂನಿನಲ್ಲಿ ಇದೆಲ್ಲ ಇಲ್ಲ. ಆದರೆ ಘಂಟೆಯವರಿಗೆ ಕಾನೂನಿಗಿಂತ ಇದೇ ಹೆಚ್ಚು.

"ಈ ಫಲಕದ ಮೇಲೆ ಯಾವ ಸುತ್ತು ಸಾರ್?"

"ಮೂವತ್ತಾರನೇ ಇಸವಿ, ಜೂನ್ ಇಪ್ಪತ್ತು. ಲಾರ್ಡ್ ಸಾಹೇಬರು ತಮ್ಮ ತೋಟದ ಬಯಲಲ್ಲಿ ಕರಿ ಅಂಗಿ ಫ್ಯಾಸಿಸ್ಟ್ ಪಕ್ಷದ ಮೇಳ ನಡೆಸಿದ್ರು. ಪಕ್ಷದ ನಾಯಕನೇ ಲಂಡನ್ನಿಂದ ಬಂದಿದ್ದ. ಅವನ ಸ್ವಾಗತಕ್ಕೆ."

ಲೆಗಟ್ ಮೆಲ್ಲಗೆ ಶಿಳ್ಳೆ ಹಾಕಿದ. "ಅಂಥದ್ದನ್ನ ಇಪ್ಪತ್ಮೂರು ವರ್ಷ ದೇವರ ಮನೇಲಿ ಇಟ್ಕೊಂಡಿದ್ರಾ?"

ಇನ್ನೊಂದು ಮಾತನ್ನು ಗ್ಯಾರಡ್ ಹೇಳದೆ ಉಳಿಸಿಕೊಂಡ. ಫಲಕದ ಮೇಲೆ ಮೊದಲನೇ ಹಗ್ಗದ ಎದುರಿಗೆ ಜೇಬೆಜ್ ಫೆನ್ ಎಂಬ ಹೆಸರಿತ್ತು. ಆ ದಿನ ಮೊದಲನೇ ಹಗ್ಗ ಎಳೆದವನು ಜೇಬೆಜ್ ಅಲ್ಲ, ಎಡ್ವಿನ್ ಗ್ಯಾರಡ್. ಜೇಬೆಜ್ ಅವನಿಗೆ ಘಂಟೆ ಎಳೆಯುವುದನ್ನು ಕಲಿಸಿದ ಗುರು. ಗುರು ಒಲ್ಲೆನೆಂದು ಕೈಕಟ್ಟಿ ನಿಂತಾಗ ಶಿಷ್ಯ ಹೋಗಿ ಹಗ್ಗ ಹಿಡಿದಿದ್ದ. ಅದು ತಿಳಿದವರಲ್ಲಿ ಹೆಚ್ಚಿನವರು ಈಗ ಮಣ್ಣಿನಲ್ಲಿದ್ದರು.

೧೦.೨೫ಕ್ಕೆ ಸ್ಥಳ ಪರಿಶೀಲನೆ. ಪಾದ್ರಿ ಪೈಲ್ ಗೋಪುರದ ಸುತ್ತು ಮೆಟ್ಟಿಲು ಹತ್ತಿಸಿ ಹಗ್ಗದ ಕೋಣೆಗೆ ಕರೆದೊಯ್ದರು. ಗೋಡೆಯ ಮೇಲೆ ಫಲಕವಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಸುಣ್ಣದಲ್ಲಿ ನಾಲ್ಕು ತೂತು. ಕಿಟಕಿಕಟ್ಟೆಯ ಮೇಲೆ ಒಂದು ಚಹಾ ತಟ್ಟೆ, ತಟ್ಟೆಯಲ್ಲಿ ನಾಲ್ಕು ಹಿತ್ತಾಳೆ ಸ್ಕ್ರೂ.

"ಗೋಪುರದ ಬೀಗದಕೈ ಯಾರ ಯಾರ ಹತ್ರ ಇದೆ?" ಗ್ಯಾರಡ್ ಕೇಳಿದ.

"ನನ್ನ ಹತ್ರ ಒಂದು. ಘಂಟೆ ತಂಡದ ನಾಯಕ ವಿಲ್ಫ್ ಕ್ಯಾಚ್‌ಪೋಲ್ ಹತ್ರ ಒಂದು. ಇನ್ನೊಂದು ನಮ್ಮ ಹಿತ್ತಾಳೆ ಸಾಮಾನು ಉಜ್ಜೋ ಮಿಸೆಸ್ ಫೆನ್ ಹತ್ರ. ಆಕೆಗೆ ಎಪ್ಪತ್ತನಾಲ್ಕು ವರ್ಷ ಇನ್‌ಸ್ಪೆಕ್ಟರೇ."

"ಫಲಕ ತೆಗೆಸಿ ಅಂತ ಯಾರಾದ್ರೂ ಮುಂಚೆ ಕೇಳಿದ್ರಾ?"

ಪಾದ್ರಿಗಳು ಕತ್ತುಪಟ್ಟಿ ಸಡಿಲ ಮಾಡಿಕೊಂಡರು. "ಮಿಸೆಸ್ ಫೆನ್ ಒಂದೆರಡು ಸಲ ಬಂದಿದ್ರು. ಚರ್ಚಿನ ಒಂದು ಮೊಳೆ ಕದಲಿಸಬೇಕಾದ್ರೂ ಬಿಷಪ್ಪರ ಕಚೇರಿಯ ಅಪ್ಪಣೆ ಬೇಕು, ಅರ್ಜಿ ಹಾಕ್ಬೇಕು ಅಂದೆ. ನನ್ನ ನೇಮಕ ಆದದ್ದು ಲಾರ್ಡ್ ಸಾಹೇಬರ ಕೈಯಿಂದ. ಅವರು ಬದುಕಿರುವಾಗ ಅಂಥ ಅರ್ಜಿ ನಾನು ಹೇಗೆ ಕಳಿಸ್ಲಿ, ನೀವೇ ಹೇಳಿ."

ಗುರುವಾರದ ಅಂತ್ಯಕ್ರಿಯೆಗೆಂದು ಬರೆದ ಹಾಳೆ ಅವರ ಕೈಯಲ್ಲೇ ಇತ್ತು. ಅದರಲ್ಲಿ ಒಬ್ಬ ಮನುಷ್ಯನ ಎಪ್ಪತ್ತೊಂದು ವರ್ಷ ಒಂದೂವರೆ ಪುಟದಲ್ಲಿ ಮುಗಿದಿತ್ತು. ಮೊದಲ ಮಹಾಯುದ್ಧದಲ್ಲಿ ಎಡಗೈ ಕಳೆದುಕೊಂಡವರು. ಶಾಲೆಯ ಮಕ್ಕಳಿಗೆ ಸರ್ಕಾರಕ್ಕಿಂತ ಮೊದಲೇ ಹಾಲು ಕೊಡಿಸಿದವರು. ಜಿಲ್ಲಾ ಪೊಲೀಸ್ ಸಮಿತಿಯ ಅಧ್ಯಕ್ಷರಾಗಿ ಆರು ವರ್ಷ. ಪ್ರತಿ ಕ್ರಿಸ್‌ಮಸ್‌ಗೆ ಒಕ್ಕಲಿನ ಮನೆಮನೆಗೆ ಒಂದು ಮೊಲ. ನಡುವೆ ಒಂದು ಸಾಲು, 'ಅವರಿಗೆ ರಾಜಕೀಯದಲ್ಲಿ ಆಸಕ್ತಿಯಿತ್ತು.'

"ಆಸಕ್ತಿ," ಎಂದ ಲೆಗಟ್. "ಹೋದ ವರ್ಷ ನಮ್ಮಮ್ಮನ ಬೀದಿಗೂ ಬಂದಿತ್ತು ಆ ಆಸಕ್ತಿ. ಕರಿಯರಿಗೆ ಮನೆ ಬಾಡಿಗೆಗೆ ಕೊಡಬೇಡಿ ಅಂತ ಕರಪತ್ರ, ಕೆಳಗೆ ಸಾಹೇಬರ ಹೆಸರು. ನಲವತ್ತನೇ ಇಸವೀಲಿ ಅವರನ್ನ ಮೂರು ವರ್ಷ ಒಳಗೆ ಹಾಕಿದ್ರಲ್ಲ, ಅದನ್ನ ಬರೆದಿಲ್ವಾ ಪಾದ್ರಿಗಳೇ?"

"ಸತ್ತವರ ಬಗ್ಗೆ..." ಎಂದು ಪಾದ್ರಿಗಳು ಶುರು ಮಾಡಿ ಅಲ್ಲಿಗೇ ಬಿಟ್ಟರು.

ಲೆಗಟ್ ಹಗ್ಗಗಳನ್ನು ನೋಡುತ್ತಾ ಬಂದ. ಐದು ಹಗ್ಗಗಳನ್ನು ಒಂದೇ ರೀತಿ ಸುತ್ತಿ ಕೊಕ್ಕೆಗೆ ಹಾಕಿದ್ದರು. ಮೊದಲನೆಯದರ ತುದಿ ಮಾತ್ರ ಸುಕ್ಕಾಗಿತ್ತು, ಅದರ ಮೇಲೆ ಬಿಚ್ಚಿದ ಗಂಟಿನ ಗುರುತು. ನೆಲದ ಮಧ್ಯದ ಕಿಂಡಿಬಾಗಿಲ ಅಂಚಿನಲ್ಲಿ ಕಪ್ಪು ಬಣ್ಣ ಉಜ್ಜಿದ ಗುರುತಿತ್ತು. "ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿದ್ದಾರೆ ಸಾರ್. ಒಬ್ಬರೇ ಮಾಡಬಹುದಾದ ಕೆಲಸ. ಆಮೇಲೆ ಈ ಸ್ಕ್ರೂ ನೋಡಿ." ಒಂದನ್ನು ಕರವಸ್ತ್ರದಲ್ಲಿ ಹಿಡಿದು ಬೆಳಕಿಗೆ ತೋರಿಸಿದ. ಇಪ್ಪತ್ಮೂರು ವರ್ಷ ತೇವದ ಗೋಡೆಯಲ್ಲಿದ್ದ ಸ್ಕ್ರೂ ಹೊಸದಾಗಿ ಹೊಳೆಯುತ್ತಿತ್ತು. ಅದರ ಸೀಳಿನಲ್ಲಿ ಪಾಲಿಶಿನ ಬಿಳಿ ಪುಡಿ. "ಕದ್ದವರು ಬಲು ಅಚ್ಚುಕಟ್ಟು. ಬಿಚ್ಚಿದ ಸ್ಕ್ರೂನ ಉಜ್ಜಿ ಇಟ್ಟು ಹೋಗಿದ್ದಾರೆ."

ಗ್ಯಾರಡ್‌ಗೆ ಅಲ್ಲಿಯೇ ಎಲ್ಲವೂ ತಿಳಿಯಿತು. ಹಿತ್ತಾಳೆ ಕೈಗೆ ಸಿಕ್ಕರೆ ಉಜ್ಜದೆ ಕೆಳಗಿಡಲಾರದ ಕೈ ಈ ಊರಿನಲ್ಲಿ ಒಂದೇ. ನೆಟ್ಟಗೆ ಜೇಬೆಜ್‌ನ ವಿಧವೆ ಹೆಸ್ಟರ್ ಫೆನ್ ಮನೆಗೆ ಹೋಗಬೇಕಾದವನು, "ಮೊದಲು ಕ್ಯಾಚ್‌ಪೋಲ್‌ನ ವಿಚಾರಿಸೋಣ" ಎಂದ. ತನಿಖೆಯ ಕ್ರಮವೇನೋ ಅದೇ. ಆದರೆ ಅವನು ಹಾಗೆ ಮಾಡಿದ್ದು ಕ್ರಮಕ್ಕಾಗಿ ಅಲ್ಲ. ಆ ಮನೆಯ ಬಾಗಿಲಿಗೆ ಹೋಗುವ ಮುಖ ಅವನಿಗಿರಲಿಲ್ಲ. ಇಪ್ಪತ್ಮೂರು ವರ್ಷದಲ್ಲಿ ಆಕೆ ಎದುರಿಗೆ ಬಂದಾಗಲೆಲ್ಲ ಅವನು ರಸ್ತೆ ದಾಟಿ ಆಚೆ ಬದಿಗೆ ಹೋಗಿದ್ದ.

ಲೆಗಟ್‌ನನ್ನು ಅಂಚೆಯಾಕೆಯ ಹತ್ತಿರ ಕಳಿಸಿ, ಊರಿಗೆ ಹೊಸಬರು ಯಾರಾದರೂ ಬಂದಿದ್ದರೇ ಎಂದು ಕೇಳಿಬರಲು ಹೇಳಿ, ೧೧.೩೦ಕ್ಕೆ ಅವನೊಬ್ಬನೇ ಕ್ಯಾಚ್‌ಪೋಲ್‌ನ ಬಡಗಿ ಕೊಟ್ಟಿಗೆಗೆ ಹೋದ. ಅರವತ್ತೆಂಟರ ವಿಲ್ಫ್ ಎಲ್ಮ್ ಮರದ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಲಾರ್ಡ್ ಸಾಹೇಬರ ಶವಪೆಟ್ಟಿಗೆಯ ಮುಚ್ಚಳ.

"ಬಾ ಇನ್‌ಸ್ಪೆಕ್ಟ್ರೇ. ನಾನು ಕದ್ದಿಲ್ಲ."

"ಕೊನೇ ಸಲ ಯಾವಾಗ ನೋಡಿದೆ?"

"ಭಾನುವಾರ ಸಾಯಂಕಾಲ. ಅದನ್ನ ನೋಡಿದೆ ಅನ್ನೋದು ಸುಳ್ಳು. ಅದು ಇರೋ ಗೋಡೆ ಕಡೆ ನಾವ್ಯಾರೂ ನೋಡೋದಿಲ್ಲ."

"ನಿನ್ನೆ ಎಲ್ಲಿದ್ದೆ?"

"ಇಲ್ಲೇ. ಆರೂ ಕಾಲಡಿ ಮನುಷ್ಯ ಅವರು, ಗಂಟಿಲ್ಲದ ಹಲಗೆ ಹುಡುಕ್ಬೇಕಲ್ಲ." ವಿಲ್ಫ್ ಉಜ್ಜುಗೊರಡು ಕೆಳಗಿಟ್ಟು, ಎಡ್ವಿನ್‌ನನ್ನು ಹಳೆಯ ಸಲಿಗೆಯ ಹೆಸರಿನಿಂದ ಕರೆದ. "ಎಡ್ಡಿ, ಆ ಫಲಕ ಮಾಡಿದ್ದೂ ಈ ಕೊಟ್ಟಿಗೇಲೇ. ಸುತ್ತು ಮುಗಿದ್ಮೇಲೆ ತಿಂಗಳುಗಟ್ಲೆ ಬಿಟ್ಟು ಬರೆಸೋದು ಪದ್ಧತಿ. ಸಾಹೇಬ್ರಿಗೆ ಅವತ್ತೇ ಸಂಜೆ ಚಹಾ ಹೊತ್ತಿಗೆ ಅತಿಥಿಗೆ ತೋರಿಸ್ಬೇಕಿತ್ತು. ಎರಡು ದಿನ ಮುಂಚೇನೇ ಬರೆದುಬಿಟ್ಟೆ. ಆರು ಹೆಸರೂ ಬರೆದೆ, ಎಷ್ಟು ಹೊತ್ತು ಹಿಡೀತು ಅನ್ನೋ ಜಾಗ ಒಂದೇ ಖಾಲಿ. ಶನಿವಾರ ಬೆಳಿಗ್ಗೆ ಬಂದು ಜೇಬೆಜ್ ಎಳೆಯಲ್ಲ ಅಂದ. ಬಣ್ಣ ಒಣಗಿತ್ತು."

"ಏನಂದ ಅವತ್ತು?" ಗ್ಯಾರಡ್ ಆ ಮಾತನ್ನು ಹಿಂದೆ ಕೇಳಿರಲಿಲ್ಲ, ಕೇಳಲು ಧೈರ್ಯವಾಗಿರಲಿಲ್ಲ.

"ಅದೇ ವಾರ ಹೇಲ್‌ಸ್ಟನ್ನಲ್ಲಿ ಆ ಯಹೂದಿ, ಬಟ್ಟೆ ಅಂಗಡಿ ಲೆವಿನ್ಸನ್, ಅವನ ಅಂಗಡಿ ಗಾಜು ಪುಡಿ ಮಾಡಿದ್ರಲ್ಲ. ಗಾಳಿ ಈ ಕಡೆಯಿಂದ ಬೀಸಿದ್ರೆ ಅವನಿಗೂ ನಮ್ಮ ಘಂಟೆ ಕೇಳ್ಸತ್ತೆ ವಿಲ್ಫ್ ಅಂದ. ಅಷ್ಟೇ. ಟೋಪಿ ತಗೊಂಡು ಹೋದ."

ಹೋದವನಿಗೆ ಮುಂದೆ ಆದದ್ದು ಗ್ಯಾರಡ್‌ಗೂ ಗೊತ್ತಿತ್ತು. ಮೂರು ತಿಂಗಳೊಳಗೆ ಸಾಹೇಬರ ತೋಟದ ಕೆಲಸ ಹೋಯಿತು, ಮನೆಯೂ ಹೋಯಿತು. ಮೊಲ ಕದ್ದ ಎಂದು ಮೇಸ್ತ್ರಿ ಕಾರಣ ಕೊಟ್ಟ. ಯುದ್ಧ ಬಂದು ಸಾಹೇಬರನ್ನು ಶತ್ರುವಿನ ಕಡೆಯವರೆಂದು ಬಂಧಿಸಿದಾಗ ಊರಿಗೆ ಊರೇ ಗೋಪುರ ಹತ್ತಿ ಫಲಕ ಓದಿತು. ಮೊದಲ ಹೆಸರೇ ಜೇಬೆಜ್ ಫೆನ್. ಊರಕಾವಲು ಪಡೆಗೆ ಸೇರಲು ಹೋದವನನ್ನು ಸಾಲಿನಿಂದ ಹೊರಗೆ ಕಳಿಸಿದರು. ಘಂಟೆ ಎಳೆಯದಿದ್ದಕ್ಕೆ ಒಮ್ಮೆ, ಎಳೆದನೆಂದು ಇನ್ನೊಮ್ಮೆ, ಒಂದೇ ಘಂಟೆಗೆ ಎರಡು ಸಲ ಪೆಟ್ಟು ತಿಂದ. ನಲವತ್ತನಾಲ್ಕನೇ ಇಸವಿಯಲ್ಲಿ ತೀರಿಕೊಂಡ.

"ನೀನು ನಾಯಕ. ಸುಳ್ಳು ಸುತ್ತು ಅಂತ ಹೇಳ್ಬಹುದಿತ್ತು," ಎಂದ ಗ್ಯಾರಡ್.

"ಹೇಳ್ಬಹುದಿತ್ತು. ನಲವತ್ತು ವರ್ಷದಲ್ಲಿ ಆ ಆರು ಘಂಟೆ ಮೇಲೆ ಆದ ಒಂದೇ ಒಂದು ಪೂರ್ಣಸುತ್ತು ಅದು. ಬಿಟ್ಟುಕೊಡಕ್ಕೆ ಮನಸ್ಸು ಬರ್ಲಿಲ್ಲ. ಆಮೇಲೆ ಜನ ಮುಖಕ್ಕೆ ಉಗಿಯೋಕೆ ಶುರು ಮಾಡಿದ್ಮೇಲೆ ಇನ್ನೊಂದು ಸಮಾಧಾನ. ಜೇಬೆಜ್‌ನಂಥವನೇ ಎಳೆದ ಅಂದ್ರೆ ನಮ್ಮದೇನು ಮಹಾ ತಪ್ಪು, ಅಲ್ವಾ? ಅವನ ಹಿಂದೆ ಬಚ್ಚಿಟ್ಕೊಂಡ್ವಿ." ವಿಲ್ಫ್ ಗ್ಯಾರಡ್‌ನ ಭುಜದ ಪಟ್ಟಿಗಳನ್ನು ನೋಡಿದ. "ನೀನೂ ಹೇಳ್ಬಹುದಿತ್ತಲ್ಲ ಎಡ್ಡಿ."

ಗ್ಯಾರಡ್‌ನ ಅಪ್ಪ ಸಾಹೇಬರ ಕಾರು ಓಡಿಸುತ್ತಿದ್ದ. ಆ ಶನಿವಾರ ಸಾಹೇಬರೇ ಅಡುಗೆಮನೆಯ ಬಾಗಿಲಿಗೆ ಬಂದು, ಇದ್ದ ಒಂದು ಕೈಯನ್ನು ಇಪ್ಪತ್ತೊಂದರ ಎಡ್ವಿನ್‌ನ ಹೆಗಲ ಮೇಲಿಟ್ಟು ಮೃದುವಾಗಿ ಕೇಳಿದ್ದರು. ಗದರಿಸಲಿಲ್ಲ, ಹೆದರಿಸಲಿಲ್ಲ. ಬರುವ ತಿಂಗಳು ಪೊಲೀಸ್ ಆಯ್ಕೆ ಇದೆಯಂತಲ್ಲ ಮಗು, ನನ್ನದೊಂದು ಪತ್ರ ಇದ್ದರೆ ಒಳ್ಳೆಯದಲ್ಲವೇ ಅಂದಿದ್ದರು. ಪತ್ರವನ್ನು ಕೊಟ್ಟೂ ಕೊಟ್ಟರು. ಗ್ಯಾರಡ್‌ನ ಸಮವಸ್ತ್ರ, ಭುಜದ ಪಟ್ಟಿ, ಇನ್ನು ಎರಡೂವರೆ ವರ್ಷಕ್ಕೆ ಬರಲಿದ್ದ ಪಿಂಚಣಿ, ಎಲ್ಲದರ ಬುಡದಲ್ಲಿ ಆ ಮೂರು ತಾಸಿನ ಹಗ್ಗವಿತ್ತು. ಸತ್ಯ ಹೊರಬಂದರೆ ಅದೆಲ್ಲ ಹೋಗಬಹುದು. ಹೊರಬರದಿದ್ದರೆ ಶುಕ್ರವಾರದ ಪತ್ರಿಕೆಯಲ್ಲಿ ಮೊದಲ ಹೆಸರು ಜೇಬೆಜ್ ಫೆನ್ ಎಂದೇ ಅಚ್ಚಾಗುತ್ತದೆ.

ಹೊರಗೆ ಲೆಗಟ್ ಕಾಯುತ್ತಿದ್ದ. ಊರಿಗೆ ಹೊಸಬರು ಯಾರೂ ಬಂದಿಲ್ಲ. ಆದರೆ ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಮಿಸೆಸ್ ಫೆನ್ ಚರ್ಚಿನಿಂದ ಕೈಗಾಡಿ ತಳ್ಳಿಕೊಂಡು ಬಂದದ್ದನ್ನು ಅಂಚೆಯಾಕೆ ಕಂಡಿದ್ದಳು. ಗಾಡಿಯ ಮೇಲೆ ಪಾದ್ರಿಯ ಬಿಳಿ ನಿಲುವಂಗಿಗಳ ರಾಶಿ. "ಒಗೆಯೋಕೆ ಅಂದ್ಲಂತೆ ಸಾರ್. ಅಂಗಿ ರಾಶಿಗೆ ಮೂಲೆ ಇತ್ತು ಅಂತ ಅಂಚೆಯಾಕೆ ನಗ್ತಾಳೆ."

ಮಧ್ಯಾಹ್ನ ೧.೧೫. ಬಡವರ ಸಾಲುಮನೆಗಳಲ್ಲಿ ಕೊನೆಯದು ಹೆಸ್ಟರ್ ಫೆನ್‌ಳದು. ಬಾಗಿಲು ತೆರೆದೇ ಇತ್ತು, ಅಗಸೆ ಎಣ್ಣೆಯ ವಾಸನೆ ಅಂಗಳದವರೆಗೂ ಬರುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಫಲಕವನ್ನು ಅಂಗಾತ ಮಲಗಿಸಿದ್ದಳು. ಮೊದಲ ಸಾಲಿನಲ್ಲಿ ಹೆಸರಿರಲಿಲ್ಲ. ಅಲ್ಲಿ ಬಣ್ಣ ಕೆರೆದು, ಮರವನ್ನು ನುಣ್ಣಗೆ ತಿಕ್ಕಿ, ಎಣ್ಣೆ ಹಚ್ಚಿದ್ದಳು. ಉಳಿದ ಐದು ಹೆಸರುಗಳ ಚಿನ್ನಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

"ಇವತ್ತು ಬಂದ್ಯಾ," ಎಂದಳು ಹೆಸ್ಟರ್. ತಲೆ ಎತ್ತಲಿಲ್ಲ. "ಆ ಹುಡುಗನ್ನೂ ಒಳಗೆ ಕರಿ. ಕೇಕ್ ಇದೆ."

"ಮಿಸೆಸ್ ಫೆನ್, ಈ ಫಲಕ ಇಲ್ಲಿಗೆ ಹೇಗೆ ಬಂತು?"

"ನಾನೇ ತಂದೆ. ಎಣ್ಣೆ ಆರಿದ್ರೆ ಇವತ್ತು ಸಾಯಂಕಾಲವೇ ತಗೊಂಡೋಗಿ ಹಾಕ್ತಿದ್ದೆ. ಅಷ್ಟರಲ್ಲಿ ಪಾದ್ರಿ ಬಾಯಿ ಬಡ್ಕೊಂಡ."

"ಪೂರ್ತಿ ಸುಟ್ಟು ಹಾಕಬಹುದಿತ್ತಲ್ಲಮ್ಮ," ಎಂದ ಲೆಗಟ್, ಕೇಕಿನ ತುಂಡು ಕೈಯಲ್ಲಿ ಹಿಡಿದು.

"ಯಾಕೆ ಸುಡ್ಲಿ? ಉಳಿದ ಐದು ಜನ ಎಳೆದದ್ದು ನಿಜ. ಅದು ಇರ್ಬೇಕು." ಹೆಸ್ಟರ್ ಎಣ್ಣೆ ಬಟ್ಟೆಯನ್ನು ಮಡಿಸಿದಳು. "ಇಪ್ಪತ್ಮೂರು ವರ್ಷ ವಾರಕ್ಕೊಂದು ಸಲ ನಾನೇ ಇದರ ಧೂಳು ಹೊಡೆದಿದ್ದೀನಿ. ನಮ್ಮೂರಿನವರು ಓದ್ಕೊಂಡ್ರೆ ಓದ್ಕೊಳ್ಳಿ, ಅವರಿಗೆ ಉತ್ತರ ಕೊಡೋ ಅಭ್ಯಾಸ ನಂಗಿದೆ. ಪತ್ರಿಕೇಲಿ ಬಂದ್ರೆ? ಕಂಡಿಲ್ಲದ ಕೇಳಿಲ್ಲದ ಜನ ಓದ್ತಾರೆ. ಅವರ ಬಾಗಿಲಿಗೆಲ್ಲ ನಾನು ಹೋಗಿ ಹೇಳಕ್ಕಾಗತ್ತಾ?"

ಲೆಗಟ್ ಟಿಪ್ಪಣಿ ಪುಸ್ತಕ ತೆಗೆದ. "ಹಾಗಾದ್ರೆ ನಿಮ್ಮ ಯಜಮಾನ್ರು ಎಳೆದಿಲ್ಲ. ಅವರ ಬದಲು ಯಾರು ಎಳೆದ್ರು?"

"ನಾನೂ ಅದನ್ನೇ ಕೇಳಿದ್ದೆ ಜೇಬೆಜ್‌ನ, ಊರೆಲ್ಲ ಉಗಿಯೋವಾಗ. ನಿಂಗೊತ್ತಿದ್ದೂ ಯಾಕೆ ಸುಮ್ನಿದ್ದೀಯ, ಹೇಳು ಅಂದೆ. ಹೇಳ್ಬೇಕಾದವನು ನಾನಲ್ಲ ಹೆಸ್ಟರ್, ಅವನೇ ಬಂದು ಹೇಳ್ತಾನೆ, ಒಳ್ಳೆ ಹುಡುಗ ಅಂದ. ಸಾಯೋ ತನಕ ಬಾಗಿಲು ಸದ್ದಾದ್ರೆ ಅವನೇ ಬಂದ ಅಂದ್ಕೊಳ್ತಿದ್ದ." ಅವಳು ಆಗ ತಲೆಯೆತ್ತಿ ಗ್ಯಾರಡ್‌ನನ್ನು ನೋಡಿದಳು. ಸಿಟ್ಟಿನಿಂದ ನೋಡಲಿಲ್ಲ. ಸಿಟ್ಟಿನಿಂದ ನೋಡಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. "ಅದಕ್ಕೇ ನಾನೂ ಹೇಳಲ್ಲ. ಕೋರ್ಟಿಗೆ ಕರ್ಕೊಂಡೋಗಿ. ಜೇಬೆಜ್ ಎಳೀಲಿಲ್ಲ ಅನ್ನೋದೊಂದನ್ನ ನ್ಯಾಯಾಧೀಶರ ಮುಂದೆ ಹೇಳ್ತೀನಿ, ಅವರು ಬರ್ಕೊಳ್ಲಿ."

ನಲವತ್ತನಾಲ್ಕು ವರ್ಷದ ಇನ್‌ಸ್ಪೆಕ್ಟರ್, ಪೇದೆಯ ಎದುರಿಗೆ, ತಪ್ಪು ಮಾಡಿದ ಮಗುವಿನಂತೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹೇಳಬೇಕೆಂದು ಬಾಯಿ ತೆರೆದ. ಬಂದದ್ದು ಅಭ್ಯಾಸದ ಮಾತು. "ಮಿಸೆಸ್ ಹೆಸ್ಟರ್ ಫೆನ್, ಚರ್ಚಿನ ಆಸ್ತಿಯನ್ನು ಕದ್ದು ಹಾಳುಮಾಡಿದ ಆರೋಪದ ಮೇಲೆ ನಿಮ್ಮನ್ನು ಬಂಧಿಸಿದ್ದೇನೆ. ನೀವು ಏನನ್ನೂ ಹೇಳಲೇಬೇಕೆಂದಿಲ್ಲ. ಹೇಳಿದ್ದನ್ನು ಬರೆದುಕೊಂಡು ಸಾಕ್ಷ್ಯವಾಗಿ ಬಳಸಲಾಗುವುದು."

"ಕೋಟು ಹಾಕ್ಕೊಳ್ತೀನಿ," ಎಂದಳು ಹೆಸ್ಟರ್.

೨.೧೦ಕ್ಕೆ ವಿಲ್ಫ್ ಕ್ಯಾಚ್‌ಪೋಲ್ ಮತ್ತು ಅಂಚೆಯಾಕೆಯ ಸಮಕ್ಷಮ ಮಹಜರು ಬರೆದು ಫಲಕವನ್ನು ವಶಪಡಿಸಿಕೊಳ್ಳಲಾಯಿತು. ವಿಲ್ಫ್ ಸಹಿ ಹಾಕುವ ಮುಂಚೆ ಆ ಖಾಲಿ ಸಾಲಿನ ಮೇಲೆ ಬೆರಳಾಡಿಸಿ, "ಒಳ್ಳೆ ಕೆಲಸ, ನನಗಿಂತ ನುಣ್ಣಗೆ ತಿಕ್ಕಿದ್ದೀಯ" ಎಂದ. ಹೆಸ್ಟರ್ ಎಣ್ಣೆಯ ಸೀಸೆಗೆ ಮುಚ್ಚಳ ಹಾಕಿದಳು.

೩.೩೦ಕ್ಕೆ ಠಾಣೆಯಲ್ಲಿ ಹೇಳಿಕೆ. ಲೆಗಟ್ ಬರೆದುಕೊಳ್ಳುತ್ತಿದ್ದ. ಹೆಸ್ಟರ್ ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಯಾವಾಗ ಗೋಪುರ ಹತ್ತಿದ್ದು, ಸ್ಕ್ರೂ ಯಾವುದರಿಂದ ಬಿಚ್ಚಿದ್ದು, ಹಗ್ಗಕ್ಕೆ ಯಾವ ಗಂಟು ಹಾಕಿದ್ದು. ಸ್ಕ್ರೂ ಉಜ್ಜಿದ್ದೇಕೆ ಎಂದು ಕೇಳಿದರೆ, "ಉಜ್ಜಿದ್ನಾ?" ಎಂದು ಅವಳೇ ಆಶ್ಚರ್ಯಪಟ್ಟಳು.

"ಕೊನೇ ಪ್ರಶ್ನೆ," ಎಂದ ಲೆಗಟ್. "೧೯೩೬ರ ಜೂನ್ ೨೦ರಂದು ಮೊದಲನೇ ಹಗ್ಗ ಎಳೆದವರು ಯಾರು?"

"ಹೇಳ್ಬೇಕಾದವಳು ನಾನಲ್ಲ."

ಲೆಗಟ್ ಪೆನ್ನು ಎತ್ತಿಕೊಂಡೇ ಕೂತ. ಗೋಡೆಗೆ ಒರಗಿ ನಿಂತಿದ್ದ ಗ್ಯಾರಡ್ ಮುಂದೆ ಬಂದು, ಪೇದೆಯ ಪಕ್ಕದಲ್ಲಲ್ಲ, ಮೇಜಿನ ಆಚೆ ಬದಿಗೆ, ಹೆಸ್ಟರ್‌ಳ ಪಕ್ಕದ ಕುರ್ಚಿಯಲ್ಲಿ ಕೂತ.

"ಹೊಸ ಹಾಳೆ ತಗೋ," ಎಂದ. "ಹೇಳಿಕೆ ಕೊಡುವವನ ಹೆಸರು, ಎಡ್ವಿನ್ ಗ್ಯಾರಡ್. ವೃತ್ತಿ, ಪೊಲೀಸ್. ಬರ್ಕೋ ಲೆಗಟ್, ಕೈ ನಿಲ್ಲಿಸ್ಬೇಡ."

ಲೆಗಟ್ ಅವನ ಮುಖವನ್ನೂ ಆಕೆಯ ಮುಖವನ್ನೂ ನೋಡಿ, ಹಾಳೆ ತೆಗೆದು, ಸಮಯ ೩.೫೫ ಎಂದು ಮೇಲೆ ಬರೆದ. ಹೇಳಿಕೆ ಮುಗಿಯುವ ತನಕ ಹೆಸ್ಟರ್ ತನ್ನ ಕೋಟಿನ ಹಿತ್ತಾಳೆ ಗುಂಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಕೊನೆಗೆ ಅವನು, "ಬರೋಕೆ ತಡವಾಯ್ತು ಹೆಸ್ಟರಮ್ಮ" ಎಂದ.

"ತುಂಬ ತಡವಾಯ್ತು," ಎಂದಳು ಹೆಸ್ಟರ್.

೪.೪೦ಕ್ಕೆ ಗ್ಯಾರಡ್ ಪ್ರಕರಣವನ್ನು ಮೇಲಧಿಕಾರಿಗೆ ಒಪ್ಪಿಸಿದ. ಬುಧವಾರ ವಿಲ್ಫ್ ಕ್ಯಾಚ್‌ಪೋಲ್ ಗೋಪುರದಲ್ಲಿ ತಂಡದ ಮುಂದೆ ನಿಂತು, ಆ ಸುತ್ತು ಸುಳ್ಳು ಸುತ್ತೆಂದು ಹೇಳಿ ಹಿಂತೆಗೆದುಕೊಂಡ. ಗುರುವಾರ ಲಾರ್ಡ್ ಕಾಲ್ಡಿಂಗ್ ಘಂಟೆಯಿಲ್ಲದೆ ಮಣ್ಣಾದರು. ಶುಕ್ರವಾರದ ಪತ್ರಿಕೆಯಲ್ಲಿ ಫಲಕದ ಚಿತ್ರ ಬರಲಿಲ್ಲ, 'ಆಸಕ್ತಿ' ಎಂಬ ಸಾಲು ಬಂತು. ಸೋಮವಾರ ನ್ಯಾಯಾಧೀಶರು ಎರಡೂ ಹೇಳಿಕೆಗಳನ್ನು ಓದಿಸಿ, ದಾಖಲೆಗೆ ಸೇರಿಸಿ, ಮಿಸೆಸ್ ಫೆನ್‌ಗೆ ಬುದ್ಧಿ ಹೇಳಿ ಬಿಟ್ಟುಬಿಟ್ಟರು. ಗ್ಯಾರಡ್‌ನ ಮೇಲಿನ ಇಲಾಖಾ ವಿಚಾರಣೆ ಇನ್ನೂ ನಡೆಯುತ್ತಿದೆ.

ಫಲಕ ತನ್ನ ಗೋಡೆಗೆ ವಾಪಸಾಗಿದೆ. ಅದರ ಮೇಲೆ ಈಗ ಸುಳ್ಳು ಸುತ್ತೆಂಬ ಚೀಟಿ, ಅದರ ಕೆಳಗೆ ಐದು ಹೆಸರು, ಮೊದಲ ಸಾಲು ಖಾಲಿ. ಅಲ್ಲಿ ಏನನ್ನಾದರೂ ಬರೆಯಬೇಕಾದರೆ ಬಿಷಪ್ಪರ ಕಚೇರಿಯ ಅಪ್ಪಣೆ ಬೇಕು. ಎಡ್ವಿನ್ ಗ್ಯಾರಡ್ ಎಂದು ಬರೆಯಲು ಅಪ್ಪಣೆ ಕೋರಿ ಒಂದು ಅರ್ಜಿ ಏಪ್ರಿಲ್‌ನಲ್ಲಿ ಹೋಗಿದೆ. ಅರ್ಜಿದಾರನ ಸಹಿಯ ಜಾಗದಲ್ಲೂ ಅದೇ ಹೆಸರಿದೆ.